ಹಾಟ್ ರಾಡ್ ಹೆಡ್‌ಲೈಟಿಗೆ ರಿಲೇ ಏಕೆ?

ಪ್ರಶ್ನೆ: ಅಮೆರಿಕದ ಹಾಟ್ ರಾಡ್‌ಗಳಲ್ಲಿ, ಅಂದರೆ ಮಾರ್ಪಡಿಸಿದ ಹಳೆಯ ಕಾರುಗಳಲ್ಲಿ, ಹೆಡ್‌ಲೈಟ್ ಸ್ವಿಚ್ಚಿನ ಜೊತೆ ರಿಲೇಯನ್ನೂ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ, ನಿಲ್ಲಿಸುವ ಸಾಧನ) ಏಕೆ ಹಾಕುತ್ತಾರೆ?

ಉತ್ತರ: ಸ್ವಿಚ್ಚು ಸುಡದಿರಲಿ, ಬೆಳಕು ಮಂಕಾಗದಿರಲಿ ಎಂದು. ಉದಾಹರಣೆಗೆ, 1932ರ ಫೋರ್ಡ್ ಬಂದದ್ದು 6 ವೋಲ್ಟ್ ಬ್ಯಾಟರಿಯೊಂದಿಗೆ. ಹಾಟ್ ರಾಡ್ ಮಾಡುವವರು ಸಾಮಾನ್ಯವಾಗಿ ಅದನ್ನು 12 ವೋಲ್ಟಿಗೆ ಬದಲಿಸುತ್ತಾರೆ. ಆಗಲೂ 55 ವ್ಯಾಟಿನ ಎರಡು ಹ್ಯಾಲೊಜೆನ್ ದೀಪಗಳು ಸುಮಾರು 9 ಆಂಪಿಯರ್ ಎಳೆಯುತ್ತವೆ. ಅಷ್ಟೂ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೂಲಕವೇ ಹೋದರೆ ಒಳಗಿನ ಕಾಂಟ್ಯಾಕ್ಟುಗಳು ಕಾದು ಕಪ್ಪಾಗುತ್ತವೆ. ಉದ್ದನೆಯ ತಂತಿಯಲ್ಲಿ ವೋಲ್ಟೇಜೂ ಕುಸಿಯುತ್ತದೆ. ರಿಲೇ ಇದ್ದರೆ ಸ್ವಿಚ್ಚು ಅದರ ಕಾಯಿಲಿಗೆ ಕರೆಂಟು ಕೊಟ್ಟರೆ ಸಾಕು. ಅದಕ್ಕೆ ಅರ್ಧ ಆಂಪಿಯರೂ ಬೇಡ. ದೀಪದ ಕರೆಂಟು ಬ್ಯಾಟರಿಯಿಂದ ಫ್ಯೂಸು, ರಿಲೇ ದಾಟಿ ದಪ್ಪ ತಂತಿಯಲ್ಲಿ ನೇರವಾಗಿ ಹರಿಯುತ್ತದೆ. ಲೋ ಬೀಮಿಗೊಂದು, ಹೈ ಬೀಮಿಗೊಂದು ರಿಲೇ ಹಾಕುವುದು ರೂಢಿ. ಫೈಬರ್‌ಗ್ಲಾಸ್ ಬಾಡಿಯಾದರೆ ಅರ್ಥ್ ತಂತಿಯನ್ನು ಚಾಸಿಗೇ ಬಿಗಿಯಬೇಕು. ಫೈಬರ್‌ಗ್ಲಾಸಿನಲ್ಲಿ ಕರೆಂಟು ಹರಿಯದು.