ಬೇಡವೆಂದ ನೆರವು

ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದಲ್ಲಿ, ಜ್ವಾಲಾಮುಖಿಗಳ ಮಡಿಲಲ್ಲಿ ಅಟಿಟ್ಲಾನ್ ಎಂಬ ರಮಣೀಯ ಸರೋವರವಿದೆ. ಅದರ ದಡದಲ್ಲಿರುವ ಪನಬಾಹ್ ಹಳ್ಳಿಯಲ್ಲಿ ಬಾಳುತ್ತಿದ್ದವರು ಮಾಯಾ ಜನಾಂಗದ ತ್ಸುತುಹಿಲ್ ಪಂಗಡದವರು. ೨೦೦೫ರ ಅಕ್ಟೋಬರ್ ೫ರ ಬೆಳಗಿನ ಜಾವ, ಸ್ಟಾನ್ ಚಂಡಮಾರುತದ ಮಳೆಗೆ ಬೆಟ್ಟದ ಮಗ್ಗುಲು ಕುಸಿದು, ಕೆಸರಿನ ಮಹಾಪೂರವು ನಿದ್ರಿಸುತ್ತಿದ್ದ ಹಳ್ಳಿಯನ್ನು ಮುಚ್ಚಿಬಿಟ್ಟಿತು. ನೂರಾರು ಜನರು ಮಣ್ಣಿನಡಿ ಸಿಲುಕಿ ಮಡಿದರು.

ನೆರವಿಗೆಂದು ಸೈನಿಕರು ಬಂದರು. ಊರವರು ಅವರನ್ನು ಒಳಗೆ ಬಿಡಲಿಲ್ಲ! ಗುದ್ದಲಿ, ಸಲಿಕೆಗಳನ್ನು ಹಿಡಿದು ತಮ್ಮವರನ್ನು ತಾವೇ ಅಗೆದು ಹುಡುಕಿದರು. ಇದನ್ನು ಬರಿಯ ಹಟಮಾರಿತನವೆಂದು ಎಣಿಸುವುದು ಅನ್ಯಾಯವಾದೀತು. ೧೯೯೦ರ ಡಿಸೆಂಬರ್ ೨ರಂದು ಇದೇ ಪನಬಾಹ್‌ನ ಸೇನಾಶಿಬಿರದೆದುರು ನೆರೆದಿದ್ದ ನಿರಾಯುಧ ಜನರ ಮೇಲೆ ಗುಂಡು ಹಾರಿಸಿದವರು ಸೈನಿಕರೇ. ಸತ್ತವರಲ್ಲಿ ಮಕ್ಕಳೂ ಇದ್ದರು. ಆ ಬಳಿಕ ಜನರು ಪಟ್ಟುಹಿಡಿದು ಸೈನ್ಯವನ್ನು ಅಲ್ಲಿಂದ ತೆರವು ಮಾಡಿಸಿದ್ದರು. ಹದಿನೈದು ವರ್ಷಗಳಲ್ಲಿ ಆ ನೆನಪು ಮಾಸುವುದೆಂತು?

ಮನೆ ಕಳೆದುಕೊಂಡವರಿಗೆ ಸರ್ಕಾರ ಮೊದಲು ಮನೆ ಕಟ್ಟಲಾರಂಭಿಸಿದ್ದು ಅದೇ ಅಪಾಯದ ನೆಲದಲ್ಲಿ! ತಜ್ಞರು ಎಚ್ಚರಿಸಿದ ಮೇಲೆ ಕೆಲಸ ನಿಂತಿತು. ಕೊನೆಗೆ ಚುಕ್‌ಮುಕ್ ಎಂಬಲ್ಲಿ ಹೊಸ ಬಡಾವಣೆ ಎದ್ದಿತು. ಕೆಸರಿಗೆ ಬಲಿಯಾದ ಊರಿನ ಪುಟ್ಟ ಆಸ್ಪತ್ರೆ ಮಾತ್ರ ಅಷ್ಟು ಕಾಯಲಿಲ್ಲ. ಕೆಲವೇ ವಾರಗಳಲ್ಲಿ ತಾತ್ಕಾಲಿಕ ನೆಲೆಯೊಂದರಲ್ಲಿ ರೋಗಿಗಳಿಗೆ ಬಾಗಿಲು ತೆರೆದು, ೨೦೧೦ರಲ್ಲಿ ಹೊಸ ಕಟ್ಟಡವನ್ನು ಸೇರಿತು.