ಲೆಕ್ಕ ಕಲಿತ ಮಕ್ಕಳು ಊರಿಗೂ ಬೇಕು

ರೈತ ಬಾಂಧವರೇ, ಎಸ್.ಎಸ್.ಎಲ್.ಸಿ. ಇಲ್ಲವೆ ಪಿ.ಯು.ಸಿ. ಮುಗಿಸಿದ ನಿಮ್ಮ ಮಗನೋ ಮಗಳೋ ‘ಪೇಟೆಗೆ ಹೋಗಿ ಅಕೌಂಟ್ಸ್ ಕಲಿಯುತ್ತೇನೆ’ ಎಂದರೆ ಏನು ಹೇಳುತ್ತೀರಿ? ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಸುತ್ತ ಇಂಥ ತರಬೇತಿಯ ಬೋರ್ಡುಗಳಿಗೆ ಕೊರತೆಯಿಲ್ಲ. ಮೂರೇ ತಿಂಗಳಲ್ಲಿ ಕಲಿಸುತ್ತೇವೆ, ಕೆಲಸವನ್ನೂ ಕೊಡಿಸುತ್ತೇವೆ ಎಂಬ ಮಾತಿಗೂ ಕೊರತೆಯಿಲ್ಲ. ಆದರೆ ಎಮ್ಮೆ ಮಾರಿಯೋ ಸಾಲ ಮಾಡಿಯೋ ಫೀ ಕಟ್ಟಬೇಕಾದವರು ನೀವು. ಆದ್ದರಿಂದ ಈ ವಿದ್ಯೆ ಎಂಥದು, ಎಲ್ಲಿ ಸಿಗುತ್ತದೆ, ಅದರಿಂದ ಮನೆಗೂ ಊರಿಗೂ ಏನು ಉಪಯೋಗ ಎಂಬುದನ್ನು ಮೊದಲು ತಿಳಿದುಕೊಳ್ಳಿರಿ.

ಎಲ್ಲಿ ಕಲಿಯಬಹುದು?

ಪಿ.ಯು.ಸಿ. ವಾಣಿಜ್ಯ ವಿಭಾಗದಲ್ಲಿ ಲೆಕ್ಕಶಾಸ್ತ್ರ ಒಂದು ವಿಷಯ. ಮುಂದೆ ಬಿ.ಕಾಂ. ಪದವಿ ಇದೆ. ಎಸ್.ಎಸ್.ಎಲ್.ಸಿ. ನಂತರ ಕೆಲವು ಪಾಲಿಟೆಕ್ನಿಕ್‌ಗಳಲ್ಲಿ ಮೂರು ವರ್ಷದ ಕಮರ್ಷಿಯಲ್ ಪ್ರಾಕ್ಟೀಸ್ ಡಿಪ್ಲೊಮಾ ಇದೆ. ಲೆಕ್ಕದ ಜೊತೆಗೆ ಕಚೇರಿಯ ಕೆಲಸವನ್ನೂ ಅಲ್ಲಿ ಕಲಿಸುತ್ತಾರೆ.

ಹಳ್ಳಿಯ ಮಕ್ಕಳಿಗೆ ಹೆಚ್ಚು ಹೊಂದುವ ಇನ್ನೊಂದು ದಾರಿಯನ್ನು ಬಹಳ ಜನ ಗಮನಿಸಿಲ್ಲ. ಅದು ಸಹಕಾರ ತರಬೇತಿ. ಕರ್ನಾಟಕ ರಾಜ್ಯ ಸಹಕಾರ ಮಹಾಮಂಡಳದ ತರಬೇತಿ ಕೇಂದ್ರಗಳು ಮೈಸೂರು, ಮಡಿಕೇರಿ, ಮೂಡುಬಿದಿರೆ ಮೊದಲಾದ ಕಡೆ ಇವೆ. ಸುಮಾರು ಆರು ತಿಂಗಳ ಸಹಕಾರ ಡಿಪ್ಲೊಮಾದಲ್ಲಿ ಸಂಘದ ಲೆಕ್ಕ, ಲೆಕ್ಕ ಪರಿಶೋಧನೆ, ಸಹಕಾರ ಕಾನೂನು, ಬ್ಯಾಂಕಿಂಗ್ ಇವು ಪಾಠಗಳು. ಇವು ದೊಡ್ಡ ಕಟ್ಟಡದ ಕಾಲೇಜುಗಳಲ್ಲ. ಆದರೆ ಇಲ್ಲಿ ಕಲಿಸುವ ಲೆಕ್ಕ ನಿಮ್ಮ ಊರಿನ ಸಂಘದ ಪುಸ್ತಕದಲ್ಲಿ ಇರುವ ಲೆಕ್ಕವೇ. ಪ್ರವೇಶದ ಸಮಯ ಮತ್ತು ಶುಲ್ಕವನ್ನು ನಿಮ್ಮ ಜಿಲ್ಲಾ ಸಹಕಾರ ಯೂನಿಯನ್ನಿನಲ್ಲಿ ವಿಚಾರಿಸಿರಿ.

ಏನು ಕಲಿಸುತ್ತಾರೆ?

ಬಂದದ್ದು ಜಮಾ, ಹೋದದ್ದು ಖರ್ಚು, ಉಳಿದದ್ದು ಶಿಲ್ಕು. ಇಷ್ಟು ನಮಗೆಲ್ಲ ಗೊತ್ತು. ಇದು ನಗದು ಪುಸ್ತಕ ಮಾತ್ರ. ಕಾಲೇಜಿನಲ್ಲಿ ಕಲಿಸುವುದು ದ್ವಿನಮೂದು ಪದ್ಧತಿ. ಇದರಲ್ಲಿ ಒಂದೊಂದು ವ್ಯವಹಾರವನ್ನೂ ಎರಡು ಕಡೆ ಬರೆಯಬೇಕು, ಏಕೆಂದರೆ ಕೊಡುವ ಖಾತೆಯೊಂದಿದ್ದರೆ ಪಡೆಯುವ ಖಾತೆಯೊಂದು ಇದ್ದೇ ಇರುತ್ತದೆ. ಇಟಲಿಯ ವರ್ತಕರು ಬಳಸುತ್ತಿದ್ದ ಈ ಪದ್ಧತಿಯನ್ನು ಲೂಕಾ ಪಚೋಲಿ ಎಂಬ ಪಾದ್ರಿ 1494ರಲ್ಲೇ ಅಚ್ಚಿನ ಪುಸ್ತಕದಲ್ಲಿ ವಿವರಿಸಿದ. ಇಂದಿಗೂ ಜಗತ್ತಿನ ವ್ಯಾಪಾರವೆಲ್ಲ ಇದರ ಮೇಲೆಯೇ ನಿಂತಿದೆ.

ಒಂದು ಉದಾಹರಣೆ ನೋಡಿರಿ. ನಿಮ್ಮ ಹಾಲು ಉತ್ಪಾದಕರ ಸಂಘವು ಒಕ್ಕೂಟದಿಂದ 40 ಚೀಲ ಪಶು ಆಹಾರವನ್ನು ಚೀಲಕ್ಕೆ 1,200 ರೂಪಾಯಿಯಂತೆ ಸಾಲವಾಗಿ ತರಿಸಿತು ಎನ್ನೋಣ. ಒಟ್ಟು 48,000 ರೂಪಾಯಿ. ಅಸಲು ದರಕ್ಕೇ 15 ಚೀಲ ನಗದಿಗೆ ಹೋದವು. 10 ಚೀಲಗಳನ್ನು ಸದಸ್ಯರು ಹಾಲಿನ ಹಣದಲ್ಲಿ ಮುರಿದುಕೊಳ್ಳಲು ಹೇಳಿ ಒಯ್ದರು. 15 ಚೀಲ ಗೋದಾಮಿನಲ್ಲಿವೆ.

ನಗದು ಪುಸ್ತಕ ನೋಡಿದರೆ ಪೆಟ್ಟಿಗೆಯಲ್ಲಿ 18,000 ರೂಪಾಯಿ ಇದೆ, ಸಂಘ ಚೆನ್ನಾಗಿದೆ ಎನಿಸುತ್ತದೆ. ಖಾತೆ ಪುಸ್ತಕ ಪೂರ್ತಿ ಸಂಗತಿ ಹೇಳುತ್ತದೆ: ನಗದು 18,000, ಸದಸ್ಯರಿಂದ ಬರಬೇಕಾದದ್ದು 12,000, ದಾಸ್ತಾನು 18,000. ಈ ಮೂರೂ ಕೂಡಿದರೆ 48,000. ಒಕ್ಕೂಟಕ್ಕೆ ಕೊಡಬೇಕಾದ ಸಾಲವೂ ಅಷ್ಟೇ. ಎರಡು ಕಡೆಯೂ ಸರಿಹೊಂದಿತು. ಗೋದಾಮಿನಲ್ಲಿ ಎಣಿಸಿದಾಗ 14 ಚೀಲವೇ ಸಿಕ್ಕಿದರೆ ಒಂದು ಚೀಲ ಎಲ್ಲಿ ಹೋಯಿತು ಎಂದು ಅಂದೇ ಕೇಳಬಹುದು. ಪುಸ್ತಕವಿಲ್ಲದಿದ್ದರೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ.

ಒಂದು ಎಚ್ಚರಿಕೆ. ತಾಳೆಪಟ್ಟಿ ಸರಿಹೋದ ಮಾತ್ರಕ್ಕೆ ಲೆಕ್ಕದಲ್ಲಿ ತಪ್ಪಿಲ್ಲ ಎಂದಲ್ಲ. ಒಬ್ಬ ಸದಸ್ಯ ಒಯ್ದ ಚೀಲವನ್ನು ಮತ್ತೊಬ್ಬನ ಖಾತೆಗೆ ಬರೆದರೂ ಮೊತ್ತ ತಾಳೆಯಾಗುತ್ತದೆ. ಅದನ್ನು ಹಿಡಿಯಬೇಕಾದವರು ನೀವೇ. ಪ್ರತಿ ಬಟವಾಡೆಯ ದಿನ ನಿಮ್ಮ ಪಾಸ್ ಪುಸ್ತಕವನ್ನು ಸಂಘದ ಖಾತೆಯೊಡನೆ ಹೋಲಿಸಿ ನೋಡಿರಿ.

ಕಂಪ್ಯೂಟರ್ ಬಂದ ಮೇಲೆ

ಕೈಬರಹದ ಲೆಕ್ಕ ಇನ್ನೇಕೆ, ಟ್ಯಾಲಿ ಕಲಿತರೆ ಸಾಲದೇ ಎಂದು ಮಕ್ಕಳು ಕೇಳುತ್ತಾರೆ. ಬೆಂಗಳೂರಿನಲ್ಲೇ 1986ರಲ್ಲಿ ಶುರುವಾದ ಕಂಪನಿಯ ಈ ತಂತ್ರಾಂಶ ಅಂಗಡಿಗಳಲ್ಲಿ ಬಹಳ ಬಳಕೆಯಲ್ಲಿದೆ. 2017ರ ಜುಲೈ 1ರಿಂದ ಜಿ.ಎಸ್.ಟಿ. ಜಾರಿಗೆ ಬಂದ ಮೇಲೆ ಇದನ್ನು ಬಲ್ಲವರಿಗೆ ಕೆಲಸವೂ ಹೆಚ್ಚಿತು. 2022ರಲ್ಲಿ ಕೇಂದ್ರ ಸರ್ಕಾರ ದೇಶದ ಸುಮಾರು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ಕೊಟ್ಟಿತು. ಆದ್ದರಿಂದ ಕಂಪ್ಯೂಟರ್ ಬೇಕೇ ಬೇಕು.

ಆದರೆ ಯಂತ್ರ ಕೂಡುತ್ತದೆ, ಕಳೆಯುತ್ತದೆ. ಯಾವ ಮೊತ್ತ ಯಾವ ಖಾತೆಗೆ ಹೋಗಬೇಕೆಂಬ ವಿವೇಕ ಕೂತು ಬರೆಯುವವನದು. ಟ್ರ್ಯಾಕ್ಟರ್ ಕೊಂಡ ಹಣವನ್ನು ಆ ವರ್ಷದ ಖರ್ಚೆಂದೇ ಬರೆದರೆ ಲಾಭವೆಲ್ಲ ನಷ್ಟವಾಗಿ ಕಾಣುತ್ತದೆ. ಅದನ್ನು ಆಸ್ತಿಯೆಂದು ಬರೆದು ವರ್ಷವರ್ಷ ಸವಕಳಿ ಕಳೆಯಬೇಕು. ಇದನ್ನು ಕೈಯಲ್ಲಿ ಬರೆದು ಕಲಿತವರಿಗೆ ಕಂಪ್ಯೂಟರ್ ಬೇಗ ಒಗ್ಗುತ್ತದೆ. ಗುಂಡಿ ಒತ್ತುವುದನ್ನಷ್ಟೇ ಕಲಿತವರು ಮೊದಲ ತಪ್ಪಿಗೇ ಕೈಚೆಲ್ಲುತ್ತಾರೆ.

ಫೀ ಕಟ್ಟುವ ಮುನ್ನ

ಈ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿರಿ.

1. ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವವರು ಯಾರು? ಕಾನೂನಿನಂತೆ ಪದವಿ ಕೊಡುವ ಅಧಿಕಾರ ವಿಶ್ವವಿದ್ಯಾಲಯಗಳಿಗೆ ಮತ್ತು ಅಂಥ ಮಾನ್ಯತೆ ಪಡೆದ ಸಂಸ್ಥೆಗಳಿಗೆ ಮಾತ್ರ ಇದೆ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಯು.ಜಿ.ಸಿ. ಪ್ರಕಟಿಸುತ್ತದೆ. ನೋಡಿಕೊಳ್ಳಿರಿ.

2. ಕಿರ್ದಿ, ಖಾತೆ, ತಾಳೆಪಟ್ಟಿ, ಅಢಾವೆ ಪತ್ರಿಕೆ, ಇಷ್ಟನ್ನೂ ಕೈಯಲ್ಲಿ ಬರೆಸುತ್ತಾರೆಯೇ?

3. ಪಾಠ ಕನ್ನಡದಲ್ಲಿಯೇ, ಇಂಗ್ಲಿಷಿನಲ್ಲಿಯೇ? ಒಬ್ಬರಿಗೆ ಒಂದು ಕಂಪ್ಯೂಟರ್ ಸಿಗುತ್ತದೆಯೇ?

4. ಕಳೆದ ವರ್ಷ ಕಲಿತವರು ಈಗ ಎಲ್ಲಿದ್ದಾರೆ? ಇಬ್ಬರನ್ನಾದರೂ ಕಂಡು ಮಾತಾಡಿರಿ.

5. ನಡುವೆ ಬಿಟ್ಟರೆ ಹಣ ವಾಪಸು ಉಂಟೇ? ಏನೇ ಕಟ್ಟಿದರೂ ರಸೀದಿ ಪಡೆಯಿರಿ. ಲೆಕ್ಕ ಕಲಿಸುವ ಸಂಸ್ಥೆಯೇ ರಸೀದಿ ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿರಿ.

ಊರಿಗೇನು ಲಾಭ?

ಕಲಿತವರೆಲ್ಲ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಹಾಲಿನ ಸಂಘ, ಪತ್ತಿನ ಸಂಘ, ಸ್ತ್ರೀಶಕ್ತಿ ಗುಂಪು, ಗೊಬ್ಬರದ ಅಂಗಡಿ, ರೈತ ಉತ್ಪಾದಕರ ಕಂಪನಿ, ಎಲ್ಲಕ್ಕೂ ಲೆಕ್ಕ ಬರೆಯುವ ಕೈ ಬೇಕು. ಸಂಬಳ ಪೇಟೆಯಷ್ಟು ಇರಲಾರದು. ಬಾಡಿಗೆ, ಊಟದ ಖರ್ಚು ಕಳೆದು ಎರಡನ್ನೂ ಪಕ್ಕಪಕ್ಕ ಬರೆದು ನೋಡಲು ಮಕ್ಕಳಿಗೇ ಹೇಳಿರಿ. ಅವರ ವಿದ್ಯೆಗೆ ಅದೇ ಮೊದಲ ಪರೀಕ್ಷೆಯಾಗಲಿ.

ನಮ್ಮ ನಾಡಿಗೆ ಇದು ಹೊಸದಲ್ಲ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಒಬ್ಬರ ಹಣವನ್ನು ಇನ್ನೊಬ್ಬರಿಗೆ ನಂಬಿ ಕೊಡುವ ಇಂಥ ಸಂಘಗಳಿಗೆ ನಂಬಿಕೆಯಷ್ಟೇ ಪುಸ್ತಕವೂ ಮುಖ್ಯ.

ಸಂಘಗಳ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ವಾರ್ಷಿಕ ಮಹಾಸಭೆ ಸಾಮಾನ್ಯವಾಗಿ ಸೆಪ್ಟೆಂಬರ್ ಒಳಗೆ ಸೇರುತ್ತದೆ. ಅಲ್ಲಿ ಹಂಚುವ ವರದಿಯನ್ನು ಮಡಚಿ ಜೇಬಿಗೆ ಹಾಕಿಕೊಳ್ಳಬೇಡಿರಿ. ಲೆಕ್ಕ ಕಲಿತ ನಿಮ್ಮ ಮನೆಯ ಮಗಳಿಂದಲೋ ಮಗನಿಂದಲೋ ಅಢಾವೆ ಪತ್ರಿಕೆಯನ್ನು ಸಾಲುಸಾಲಾಗಿ ಓದಿಸಿ ಅರ್ಥ ಕೇಳಿರಿ. ಅರ್ಥವಾಗದ ಸಾಲೊಂದಿದ್ದರೆ ಸಭೆಯಲ್ಲಿ ಎದ್ದು ನಿಂತು ವಿಚಾರಿಸಿರಿ. ಸದಸ್ಯರಾದ ನಿಮಗೆ ಆ ಹಕ್ಕು ಇದೆ.