ಹಳೆಯ ಕಾರಿನ ಎಂಜಿನ್: ರಿಪೇರಿಯೋ, ಬದಲಾವಣೆಯೋ?

ಹಳೆಯ ಕಾರು ಹೊಗೆಯುಗುಳತೊಡಗಿತು, ಏರು ಬಂದಾಗಲೆಲ್ಲ ಕುದಿಯತೊಡಗಿತು ಎಂದರೆ ಮನೆಯಲ್ಲಿ ಎರಡು ಪಕ್ಷಗಳು ಹುಟ್ಟಿಕೊಳ್ಳುತ್ತವೆ. 'ಈ ಎಂಜಿನ್ನನ್ನು ಇಳಿಸಿ ಬೇರೊಂದನ್ನು ಕೂರಿಸಿಬಿಡಿ' ಎಂಬುದು ಒಂದು. 'ಇದ್ದುದನ್ನೇ ಬಿಚ್ಚಿ ಸರಿಪಡಿಸಿ' ಎಂಬುದು ಇನ್ನೊಂದು. ಇವೆರಡರಲ್ಲಿ ಯಾವುದು ಯುಕ್ತವೆಂಬುದನ್ನು ಹಣದ ಲೆಕ್ಕವೊಂದೇ ತೀರ್ಮಾನಿಸಲಾರದು. ನಾವು ಬಳಸುವ ನೀರು, ಸುರಿಯುವ ಪೆಟ್ರೋಲು, ಪಾಲಿಸಬೇಕಾದ ಕಾನೂನು, ಇವೂ ಆ ತೀರ್ಪಿನಲ್ಲಿ ಪಾಲು ಕೇಳುತ್ತವೆ.

ನಮ್ಮಲ್ಲಿ ಹಳೆಯ ಕಾರೆಂದರೆ ಮೊದಲು ನೆನಪಾಗುವುದು ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಕಂಪನಿಯು ಇದನ್ನು ಕಲ್ಕತ್ತೆಯ ಬಳಿಯ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಿಸಿತು. ಹೊರಗಿನ ಗುಂಡು ಮೈ ಹೆಚ್ಚು ಬದಲಾಗಲಿಲ್ಲ. ಒಳಗಿನ ಗುಂಡಿಗೆ ಮಾತ್ರ ಹಲವು ಸಲ ಬದಲಾಯಿತು. ಮೊದಲಿನದು ವಾಲ್ವುಗಳು ಪಕ್ಕದಲ್ಲಿದ್ದ 1476 ಸಿ.ಸಿ. ಎಂಜಿನ್. 1959ರಲ್ಲಿ ವಾಲ್ವುಗಳು ಮೇಲಕ್ಕೇರಿದ 1489 ಸಿ.ಸಿ. ಎಂಜಿನ್ ಬಂದಿತು. 1980ರ ಸುಮಾರಿಗೆ ಡೀಸೆಲ್ ಎಂಜಿನ್, 1990ರ ದಶಕದ ಆದಿಯಲ್ಲಿ ಜಪಾನಿನ ಇಸುಜು ವಿನ್ಯಾಸದ ಪೆಟ್ರೋಲ್ ಎಂಜಿನ್ ಸೇರಿದವು. ಕಂಪನಿಯೇ ಬದಲಿಸಿರುವಾಗ ನಾವೇಕೆ ಬದಲಿಸಬಾರದು ಎಂಬ ಪ್ರಶ್ನೆ ಸಹಜವೇ.

ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದುಂಟು: ಕೆಟ್ಟಿರುವುದು ಎಂಜಿನ್ನೋ, ಅದರ ನೆರೆಹೊರೆಯೋ? ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆಗಳು ಬತ್ತಿದಂತೆ ಕೊಳವೆಬಾವಿಗಳು ಸಾವಿರ ಅಡಿಗೂ ಕೆಳಗಿಳಿದಿವೆ. ಬಂಡೆಯ ಸಂದಿನಿಂದ ಮೇಲೆ ಬರುವ ಗಡುಸು ನೀರಿನಲ್ಲಿ ಸುಣ್ಣದ ಅಂಶ ಕರಗಿರುತ್ತದೆ. ಬೇಳೆ ಬೇಯದ, ಸಾಬೂನು ನೊರೆಗಟ್ಟದ ಆ ನೀರನ್ನೇ ರೇಡಿಯೇಟರಿಗೂ ಸುರಿದರೆ ಏನಾದೀತು? ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಪದರವೇ ಎಂಜಿನ್ನಿನ ನೀರಿನ ದಾರಿಯಲ್ಲೂ ಕಟ್ಟುತ್ತದೆ. ಕಬ್ಬಿಣದಂತೆ ಈ ಪದರ ಶಾಖವನ್ನು ಸಾಗಗೊಡುವುದಿಲ್ಲ. ಸಾಲದ್ದಕ್ಕೆ, ನೀರಿನ ಪಂಪಿನಿಂದ ದೂರವಿರುವ ಹಿಂದಿನ ಸಿಲಿಂಡರಿನ ಸುತ್ತ ತುಕ್ಕು, ಕೆಸರು ಶೇಖರವಾಗುತ್ತವೆ.

ಬಯಲಿನಲ್ಲಿ ಇದು ಗೊತ್ತಾಗದು. ಮುಳಬಾಗಿಲಿನಿಂದ ಚಿತ್ತೂರಿನತ್ತ ಹೋದ ಕಾರು ತುಂಬಿದ ಮಂದಿಯೊಡನೆ ಹಿಂದಿರುಗುತ್ತ ಪಲಮನೇರಿನ ಈಚೆಗಿನ ಬಯಲನ್ನು ಮುಟ್ಟಬೇಕಾದರೆ ಮೊಗಿಲಿ ಘಟ್ಟವನ್ನು ಏರಲೇಬೇಕು. ಅಲ್ಲಿ ಗುಟ್ಟು ರಟ್ಟಾಗುತ್ತದೆ. ಕುದಿಯುವ ಎಂಜಿನ್ನಿಗೆ ತಣ್ಣೀರು ಸುರಿಯುವವರು ಮಾಲೂರಿನ ಹೆಂಚಿನ ಗೂಡನ್ನು ನೆನೆಯಬೇಕು. ಸುಡುವ ಹೆಂಚಿನ ಮೇಲೆ ನೀರು ಬಿದ್ದರೆ ಅದು ಬಿರಿಯುತ್ತದೆ. ಕಾದ ಎರಕದ ಕಬ್ಬಿಣದ ಹೆಡ್ಡಿಗೂ ಅದೇ ಗತಿ. ಶ್ರೀನಿವಾಸಪುರದ ಮಾವಿನ ತೋಟಗಳ ನಡುವೆ ನಿಂತುಹೋದ ಕಾರಿಗಾದರೂ ಸರಿ, ಮೊದಲ ಮದ್ದು ತಾಳ್ಮೆಯೇ. ಅದು ತಾನಾಗಿ ಆರಲಿ. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆಗೆಯಕೂಡದು. ಮುಂದೆ ನೀರಿನ ದಾರಿಯನ್ನು ತೊಳೆಸಿ, ಶುದ್ಧೀಕರಿಸಿದ ನೀರಿಗೆ ತುಕ್ಕು ತಡೆಯುವ ಕೂಲೆಂಟ್ ಬೆರೆಸಿ ತುಂಬಿದರೆ ಅನೇಕ 'ಸತ್ತ' ಎಂಜಿನ್ನುಗಳು ಎದ್ದು ಕೂರುವುದುಂಟು.

ಇಷ್ಟಾದರೂ ಶಕ್ತಿ ಬಾರದಿದ್ದರೆ ನಾಡಿ ಹಿಡಿಯಬೇಕು. ಪ್ಲಗ್ ಬಿಚ್ಚಿ ಪ್ರತಿಯೊಂದು ಸಿಲಿಂಡರಿನ ಒತ್ತಡವನ್ನು ಅಳೆಯುತ್ತಾರೆ. ಒತ್ತಡ ಕಡಿಮೆಯಿದ್ದ ಕಡೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆದಾಗ ಅದು ಏರಿದರೆ ಸವೆದಿರುವುದು ಪಿಸ್ಟನ್ ರಿಂಗು ಅಥವಾ ಸಿಲಿಂಡರಿನ ಗೋಡೆ. ಏರದಿದ್ದರೆ ವಾಲ್ವುಗಳ ಮೇಲೆ ಸಂಶಯ. ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಒಟ್ಟಿಗೇ ಒತ್ತಡ ಬಿದ್ದಿದ್ದರೆ ನಡುವಿನ ಹೆಡ್ ಗ್ಯಾಸ್ಕೆಟ್ ಸುಟ್ಟಿರಬಹುದು. ಸವೆದ ಸಿಲಿಂಡರನ್ನು ಬೋರ್ ಮಾಡಿಸಿ, ಅದಕ್ಕೊಪ್ಪುವ ದಪ್ಪ ಪಿಸ್ಟನ್ ಹಾಕುವುದು ಹಳೆಯ ಪದ್ಧತಿ. ಕೊರೆಯಲು ಕಬ್ಬಿಣ ಉಳಿಯದಷ್ಟು ಸವೆದಿದ್ದರೆ ಸ್ಲೀವ್ ಕೂರಿಸಿ ಮತ್ತೆ ಮೊದಲಿನ ಅಳತೆಗೆ ತರಬಹುದು. ಎಂದರೆ, ಬ್ಲಾಕ್ ಬಿರಿಯದಿರುವವರೆಗೆ ಎಂಜಿನ್ನಿಗೆ ಪುನರ್ಜನ್ಮವುಂಟು.

ಬಿಚ್ಚಿದ ಮೇಲೆ ಇನ್ನೆರಡು ಕೆಲಸಗಳನ್ನು ಮರೆಯಬಾರದು. ಹಿಂದಿನ ಪೆಟ್ರೋಲಿನಲ್ಲಿದ್ದ ಸೀಸವು ವಾಲ್ವು ಕೂರುವ ಜಾಗಕ್ಕೆ ರಕ್ಷೆಯಾಗಿತ್ತು. 2000ದ ಇಸವಿಯಲ್ಲಿ ದೇಶದಾದ್ಯಂತ ಸೀಸವಿಲ್ಲದ ಪೆಟ್ರೋಲು ಬಂದು ನಮ್ಮ ಉಸಿರಿಗೆ ಒಳಿತಾಯಿತು. ಆದರೆ ಹಳೆಯ ಹೆಡ್ಡಿಗೆ ಗಟ್ಟಿಯಾದ ವಾಲ್ವ್ ಸೀಟು ಬೇಕಾಯಿತು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥೆನಾಲ್ ಇದೆ. ಅದು ಹಳೆಯ ರಬ್ಬರನ್ನು ಕೆಡಿಸಬಲ್ಲದಾದ್ದರಿಂದ ಕೊಳವೆಗಳನ್ನೂ ಕಾರ್ಬುರೇಟರಿನ ರಬ್ಬರ್ ಭಾಗಗಳನ್ನೂ ಬದಲಿಸುವುದು ಕ್ಷೇಮ.

ಇನ್ನು ಬದಲಾವಣೆಯ ಮಾತು. ಪೆಟ್ರೋಲ್ ಅಂಬಾಸಿಡರಿಗೆ ಡೀಸೆಲ್ ಎಂಜಿನ್ ಕೂರಿಸಿಕೊಂಡ ಟ್ಯಾಕ್ಸಿಯವರನ್ನು ಯಾರೂ ದೂಷಿಸುವಂತಿಲ್ಲ. ಅವರಿಗೆ ಕಾರು ನೆನಪಲ್ಲ, ಅನ್ನ. ಆದರೆ ಡೀಸೆಲ್ ಎಂಜಿನ್ ಗಾಳಿಯನ್ನು ಇಪ್ಪತ್ತು ಪಟ್ಟಿಗೂ ಹೆಚ್ಚು ಒತ್ತುವುದರಿಂದ ಅದರ ಮೈ ಭಾರ, ನಡುಕವೂ ಹೆಚ್ಚು. ಅದಕ್ಕೆ ತಕ್ಕಂತೆ ಆಧಾರಗಳು, ಮುಂದಿನ ಸ್ಪ್ರಿಂಗು, ರೇಡಿಯೇಟರು ಎಲ್ಲವೂ ಹೊಂದಬೇಕು. ಕಾಗದದ ಕೆಲಸವೂ ಉಂಟು: 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಇಂಥ ಮಾರ್ಪಾಡಿಗೆ ಕಡಿವಾಣ ಹಾಕಿದೆ. ನೋಂದಣಿ ಕಚೇರಿಯ ಅನುಮತಿಯಿಲ್ಲದೆ ಎಂಜಿನ್ ಬದಲಿಸಿದರೆ ಪುಸ್ತಕದಲ್ಲಿರುವ ನಂಬರು ಒಂದು, ಬಾನೆಟ್ಟಿನ ಕೆಳಗಿರುವುದು ಇನ್ನೊಂದು ಆಗುತ್ತದೆ.

2021ರಲ್ಲಿ ಬಂದ ನಿಯಮಗಳು ಈ ವಿವಾದಕ್ಕೆ ಹೊಸ ತೂಕ ಕೊಟ್ಟಿವೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಖಾಸಗಿ ಬಳಕೆಯ ವಾಹನಕ್ಕೆ 'ವಿಂಟೇಜ್' ಮನ್ನಣೆ ದೊರೆಯಬಲ್ಲದು. ಆದರೆ ಚಾಸಿ, ಮೈ, ಎಂಜಿನ್ ಇವುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. 1970ರ ದಶಕದ ಕಾರುಗಳು ಈಗ ಆ ಹೊಸ್ತಿಲಿಗೆ ಬರುತ್ತಿವೆ. ಗುಜರಿಗೆ ಹಾಕಿದ ಮೂಲ ಎಂಜಿನ್ ಹಿಂದಿರುಗಿ ಬಾರದು.

ಆದ್ದರಿಂದ ದುಡಿಯುವ ಕಾರಿಗೆ ಒಂದು ನ್ಯಾಯ, ಕಾಪಾಡುವ ಕಾರಿಗೆ ಇನ್ನೊಂದು. ಅನಿವಾರ್ಯವಾಗಿ ಬದಲಿಸಿದವರೂ ಹಳೆಯದಕ್ಕೆ ಎಣ್ಣೆ ಸವರಿ ಒಣ ಮೂಲೆಯಲ್ಲಿಟ್ಟರೆ ಮುಂದಿನ ತಲೆಮಾರಿಗೆ ದಾರಿ ತೆರೆದಿರುತ್ತದೆ. ಎರಡು ನ್ಯಾಯಗಳಿಗೂ ಮೊದಲು, ರೇಡಿಯೇಟರಿನ ನೀರನ್ನೊಮ್ಮೆ ನೋಡಿರಿ.